ಬಾಯಿ ಕಟ್ಟೋಕಾಗಲ್ಲ ಅಂದವರ ಬಾಯೊಳಗೆ

"ಮೇಡಂ, ನಮ್ಮಮ್ಮನಿಗೆ ಬಾಯಿ ಕಟ್ಟೋಕಾಗಲ್ಲ. ನೀವೇ ಸ್ವಲ್ಪ ಬುದ್ಧಿ ಹೇಳಿ."

ಸಕ್ಕರೆ ಕಾಯಿಲೆಯವರಿಗೆ ಆಪ್ತಸಲಹೆ ಕೊಡುವ ನನಗೆ ಈ ಮಾತು ಬಾಯಿಪಾಠ ಆಗಿದೆ. ಹೇಳುವವರು ಮಗ, ಸೊಸೆ, ಇಲ್ಲವೇ ಗಂಡ. ಕಾಯಿಲೆ ಇರುವವರು ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿರುತ್ತಾರೆ. ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ. ಹೆಸರು, ಗುರುತು ಬದಲಿಸಿದ್ದೇನೆ.

ಸರೋಜಮ್ಮ ಅನ್ನೋಣ. ವಯಸ್ಸು 58. ಸಕ್ಕರೆ ಕಾಯಿಲೆ ಬಂದು 11 ವರ್ಷ. ರಕ್ತದಲ್ಲಿನ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.4 ಇತ್ತು, ಅಂದರೆ ತುಂಬಾ ಜಾಸ್ತಿ. ಡಯಟೀಶಿಯನ್ ಬರೆದುಕೊಟ್ಟ ಚೀಟಿಯಲ್ಲಿ ಕೋಸಂಬರಿ, ಮೊಳಕೆ ಕಾಳು, ಸೌತೆಕಾಯಿ. ಅವರು ತಿನ್ನುತ್ತಿದ್ದದ್ದು ಕಾಫಿಯಲ್ಲಿ ಅದ್ದಿದ ರಸ್ಕು, ಮೆತ್ತಗೆ ಕಲಸಿದ ಅನ್ನ ಸಾರು, ಬಾಳೆಹಣ್ಣು. ಸೊಸೆ ಬಿಸ್ಕತ್ತಿನ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟರೂ ಹುಡುಕಿ ತೆಗೆಯುತ್ತಿದ್ದರಂತೆ. ಮೊದಲ ಎರಡು ಭೇಟಿಯಲ್ಲಿ ನಾನೂ ಮನೆಯವರ ಮಾತನ್ನೇ ನಂಬಿದೆ. ತಿನ್ನುವ ಆಸೆ ಬಂದಾಗ ಮನಸ್ಸನ್ನು ಬೇರೆ ಕಡೆ ತಿರುಗಿಸುವುದು ಹೇಗೆ ಅಂತ ಪಾಠ ಹೇಳಿ ಕಳಿಸಿದೆ. ಈಗ ನೆನೆದರೆ ನಾಚಿಕೆ ಆಗುತ್ತದೆ.

ಮೂರನೇ ಭೇಟಿ ಕಡೇ ಕಾರ್ತಿಕ ಸೋಮವಾರದ ಮರುದಿನ. ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ತಂದ ಹುರಿದ ಕಾಯಿ ಮೇಜಿನ ಮೇಲೆ ಪೇಪರಿನಲ್ಲಿ ಹರಡಿತ್ತು. ತಗೊಳ್ಳಿ ಅಂದೆ. ಸರೋಜಮ್ಮ ಕೈ ಹಾಕಿದರು. ಹೆಬ್ಬೆರಳಲ್ಲಿ ಒತ್ತಿ ಕಾಯಿ ಬಿಡಿಸುತ್ತಾರೆ, ಬೀಜವನ್ನು ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದುತ್ತಾರೆ, ಸೊಸೆಯ ಮುಂದೆ ಇಡುತ್ತಾರೆ. ಮತ್ತೊಂದು. ಇನ್ನೊಂದು. ಸೊಸೆ ಮಾತಾಡುತ್ತಾ ತಿನ್ನುತ್ತಿದ್ದರು. ಹತ್ತು ನಿಮಿಷದಲ್ಲಿ ಸಿಪ್ಪೆಯ ಗುಡ್ಡೆ ಎದ್ದಿತು. ಒಂದು ಬೀಜವೂ ಸರೋಜಮ್ಮನ ಬಾಯಿಗೆ ಹೋಗಲಿಲ್ಲ.

ಬಾಯಿ ಕಟ್ಟೋಕಾಗದವರು ಹೀಗಾ ಇರುತ್ತಾರೆ?

"ನೀವು ತಿನ್ನಲ್ವಾ ಅಮ್ಮ?"

"ಪಿತ್ತ ಮೇಡಂ, ನಂಗಾಗಲ್ಲ."

ಸೊಸೆ ನಕ್ಕರು. "ಪಿತ್ತ ಎಲ್ಲಿಂದ ಬಂತು ಅತ್ತೆ? ಎರಡು ವರ್ಷದ ಹಿಂದೆ ಒಂದು ಸೇರು ನೀವೊಬ್ಬರೇ ಖಾಲಿ ಮಾಡಿದ್ರಲ್ಲ!"

ಸರೋಜಮ್ಮ ಉತ್ತರ ಕೊಡಲಿಲ್ಲ. ಸೊಸೆಗೆ ಹೊರಗೆ ಕೂರಲು ಹೇಳಿದೆ. ಬಾಗಿಲು ಮುಚ್ಚಿದ ಮೇಲೆ, ಬಾಯಿಗೆ ಸೆರಗು ಅಡ್ಡ ಹಿಡಿದು ಮೆಲ್ಲಗೆ ಅಂದರು: "ಹಲ್ಲಿದ್ದವರಿಗೆ ಕಡಲೆ ಇಲ್ಲ ಅಂತಾರೆ. ನಂಗೆ ಹಲ್ಲೂ ಇದೆ, ಕಡಲೆನೂ ಇದೆ. ಎರಡನ್ನೂ ಸೇರಿಸೋಕೆ ಧೈರ್ಯ ಇಲ್ಲ."

ಕೆಳಗಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. ವಸಡಲ್ಲಿ ರಕ್ತ ಬರುತ್ತದೆ ಅಂತ ಬ್ರಷ್ ಬಿಟ್ಟು ಬೆರಳಲ್ಲಿ ಉಜ್ಜುತ್ತಿದ್ದರು. ಬಾಯಿ ವಾಸನೆಗೆ ಲವಂಗ. ಒಂದು ರಾತ್ರಿ ನೋವು ತಡೆಯಲಾರದೆ ಊಟ ಬಿಟ್ಟು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ನುಂಗಿ ಮಲಗಿ, ಸಕ್ಕರೆ ತೀರಾ ಇಳಿದು ಬೆವರಿ ನಡುಗಿ ಎದ್ದಿದ್ದರಂತೆ. ಯಾರಿಗೂ ಹೇಳಿರಲಿಲ್ಲ. ಯಾಕೆ? ಸಕ್ಕರೆ ಇರೋರು ಹಲ್ಲು ಕೀಳಿಸಿದರೆ ಗಾಯ ಮಾಯಲ್ಲ ಅಂತ ಪಕ್ಕದ ಮನೆಯವರು ಹೇಳಿದ್ದರು.

ನನ್ನ ಸಲಹೆ ಸರಳವಾಗಿತ್ತು. ಡಯಟ್ ಚೀಟಿಯನ್ನು ಸದ್ಯಕ್ಕೆ ಮಡಚಿಡಿ, ಮೊದಲು ಹಲ್ಲಿನ ಡಾಕ್ಟರು. ಖರ್ಚಿನ ಚಿಂತೆ ಇದ್ದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ದಂತ ಕಾಲೇಜಿದೆ. ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ತಗೊಂಡೇ ಹೋಗಿ, ಖಾಲಿ ಹೊಟ್ಟೆಯಲ್ಲಿ ಬೇಡ. ಸಕ್ಕರೆ ರಿಪೋರ್ಟು, ಮಾತ್ರೆಗಳ ಚೀಟಿ ಜೊತೆಗಿರಲಿ. ಗಾಯ ಒಣಗುವುದು ತಡವಾಗಬಹುದು, ಆದರೆ ಸಕ್ಕರೆ ನೋಡಿಕೊಂಡು ಕೀಳುವುದು ಅವರಿಗೆ ಗೊತ್ತು. ರಕ್ತ ಬಂದರೆ ಬ್ರಷ್ ಬಿಡುವುದಲ್ಲ, ಮೆತ್ತನೆ ಬ್ರಷ್ ತಗೊಂಡು ದಿನಕ್ಕೆ ಎರಡು ಸಲ ಉಜ್ಜುವುದು.

ಆಪ್ತಸಲಹೆಗಾರ್ತಿಗೆ ಹಲ್ಲಿನ ಉಸಾಬರಿ ಯಾಕೆ ಅಂತ ನಮ್ಮಲ್ಲೇ ಒಬ್ಬರು ಕೇಳಿದರು. ಇರಲಿ. ಸಕ್ಕರೆ ಏರಿದರೆ ವಸಡು ಸೋಂಕನ್ನು ತಡೆಯಲಾರದು, ಹಲ್ಲು ಹಿಡಿದಿರುವ ಮೂಳೆ ಕರಗುತ್ತದೆ. ವಸಡಿನ ಉರಿಯೂತ ತಿರುಗಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ, ಸಕ್ಕರೆ ಇನ್ನೂ ಏರುತ್ತದೆ. ವಸಡಿಗೆ ಸರಿಯಾದ ಚಿಕಿತ್ಸೆ ಆದರೆ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಅನ್ನುವುದು ಅಧ್ಯಯನಗಳಲ್ಲಿ ಕಂಡದ್ದು. ಜಾಸ್ತಿ ಅಲ್ಲ, ಕಮ್ಮಿಯೂ ಅಲ್ಲ. ಸೌತೆಕಾಯಿ ಕಚ್ಚಲಾಗದವರಿಗೆ ಮನೋಬಲದ ಪಾಠ ಹೇಳುವುದು ಮಾತ್ರ ನನ್ನ ಪ್ರಕಾರ ತಪ್ಪು. ಆ ತಪ್ಪು ನಾನೇ ಎರಡು ಸಲ ಮಾಡಿದ್ದೆ.

ಹಲ್ಲು ಹಾಳಾದರೆ ನಮ್ಮವರು ಮೊದಲು ಹುಡುಕುವುದು ತಪ್ಪು ಯಾರದ್ದು ಅಂತ. ಒಮ್ಮೆ ಬಂದ ಹುಡುಗನಿಗೆ ಹದಿನೈದರ ಹೊತ್ತಿಗೇ ಹೆಚ್ಚಿನ ಹಲ್ಲು ಉದುರಿದ್ದವು. ಸೋಮಾರಿ, ಉಜ್ಜಲ್ಲ ಅಂತ ಅಪ್ಪನ ಬೈಗುಳ. ಅಂಗೈ, ಅಂಗಾಲು ದಪ್ಪಗೆ ಒರಟಾಗಿದ್ದವು. ಕೊನೆಗೆ ಗೊತ್ತಾದದ್ದು ಪ್ಯಾಪಿಲಾನ್ ಲೆಫೆವ್ರ್ ಅನ್ನುವ ಅಪರೂಪದ ಕಾಯಿಲೆ. 1924ರಲ್ಲಿ ಇಬ್ಬರು ಫ್ರೆಂಚ್ ವೈದ್ಯರು ಗುರುತಿಸಿದ್ದು. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಕಾಣಿಸಿಕೊಳ್ಳುತ್ತದೆ, ಹಾಗಾಗಿ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಸಾಧ್ಯತೆ ಜಾಸ್ತಿ. ಆ ಮಗು ತಿಂದ ಬೈಗುಳವನ್ನು ಯಾರು ವಾಪಸ್ ತಗೋತಾರೆ?

ಸರೋಜಮ್ಮನ ಎರಡು ಹಲ್ಲು ಕಿತ್ತರು, ಗಾಯ ಮಾಯಿತು. ವಸಡಿನ ಆಳದ ಕ್ಲೀನಿಂಗ್ ಮೂರು ಸರದಿಯಲ್ಲಿ ಮುಗಿಯಿತು. ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ 8.5. ನಡುವೆ ಮಾತ್ರೆಯನ್ನೂ ಬದಲಿಸಿದ್ದರು, ಹಾಗಾಗಿ ಪೂರ್ತಿ ಲೆಕ್ಕ ಹಲ್ಲಿಗೇ ಬರೆಯಲಾರೆ. ಈಗ ಹೆಸರುಬೇಳೆ ಕೋಸಂಬರಿ ತಿನ್ನುತ್ತಾರೆ, ಬಲಗಡೆಯಿಂದ.

ಹೊಸ ದೂರು ಒಂದಿದೆ. ಬಿಸ್ಕತ್ತಿನ ಲೆಕ್ಕ ಬಿಟ್ಟ ಮಗ ಈಗ ರಾತ್ರಿ ಬಚ್ಚಲ ಬಾಗಿಲಲ್ಲಿ ನಿಂತು "ಉಜ್ಜಿದ್ಯಾ ಅಮ್ಮ, ತೋರ್ಸು" ಅಂತಾರಂತೆ. ಮುಂದಿನ ವಾರ ಅವರನ್ನೊಬ್ಬರನ್ನೇ ಬರಹೇಳಿದ್ದೇನೆ.