ಗೆಜ್ಜೆಪಟ್ಟಿ ಹೊಲಿಯುವ ಮೆಷಿನ್ನಿಗೆ ಮೊದಲು ಏನು ಕೊಳ್ಳಬೇಕು?

ಪ್ರಶ್ನೆ: ನಾವು ಕುಣಿಗಲ್ ತಾಲ್ಲೂಕಿನವರು. ಎತ್ತುಗಳ ಕೊರಳ ಗೆಜ್ಜೆಪಟ್ಟಿ, ಹಣೆಪಟ್ಟಿ ಮಾಡುತ್ತೇವೆ. ಅಪ್ಪ ಎಲ್ಲವನ್ನೂ ಕೈಯಲ್ಲೇ ಚುಚ್ಚಿ ಹೊಲಿಯುತ್ತಿದ್ದರು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಆರ್ಡರ್ ಜಾಸ್ತಿ ಅಂತ ಹಳೆಯದೊಂದು ವಾಕಿಂಗ್ ಫೂಟ್ ಮೆಷಿನ್ (ಒತ್ತುವ ಫೂಟೇ ಹೆಜ್ಜೆ ಹಾಕಿ ಚರ್ಮವನ್ನು ಸಾಗಿಸುವಂಥದು) ತಂದಿದ್ದೇವೆ, ಕ್ಲಚ್ ಮೋಟಾರ್ ಇದೆ. ತೊಗಟೆಯಲ್ಲಿ ಹದ ಮಾಡಿದ ಚರ್ಮ, ಎರಡು ಪದರ ಸೇರಿ 7 ಮಿ.ಮೀ. ದಪ್ಪ. ದಾರ 20 ನಂಬರ್ ನೈಲಾನ್, ಸೂಜಿ 18. ದಾರ ಎಳೆಎಳೆಯಾಗಿ ಬಿಟ್ಟುಕೊಂಡು ತುಂಡಾಗುತ್ತದೆ, ಅಡಿಯಲ್ಲಿ ಗಂಟು ಕಾಣುತ್ತದೆ. ಅಂಗಡಿಯವರು ಸರ್ವೋ ಮೋಟಾರ್ (ಪೆಡಲ್ ಒತ್ತಿದಾಗ ಮಾತ್ರ ತಿರುಗುವುದು), ರಿಡ್ಯೂಸರ್ (ವೇಗ ಇಳಿಸುವ ಪುಲ್ಲಿ), ಫೂಟ್‌ಗಳ ಸೆಟ್, ಗೈಡ್ ಎಲ್ಲ ತಗೊಳ್ಳಿ ಅನ್ನುತ್ತಾರೆ. ಅಷ್ಟು ದುಡ್ಡಿಲ್ಲ. ಯಾವುದು ಮೊದಲು?

ಉತ್ತರ: ಮೊದಲು ಸೂಜಿ. ಅಂಗಡಿಯವರ ಪಟ್ಟಿಯಲ್ಲಿ ಇಲ್ಲದ, ಎಲ್ಲಕ್ಕಿಂತ ಅಗ್ಗದ ಸಾಮಾನು ಅದೇ. ನಿಮ್ಮ ತೊಂದರೆ ಬಹುಮಟ್ಟಿಗೆ ಅದರಲ್ಲೇ ಇದೆ.

ದಾರದ ನಂಬರ್ ಹೆಚ್ಚಾದಷ್ಟೂ ದಾರ ತೆಳು, ಸೂಜಿಯ ನಂಬರ್ ಹೆಚ್ಚಾದಷ್ಟೂ ಸೂಜಿ ದಪ್ಪ. ಈ ತಿರುವುಮುರುವಿನಲ್ಲಿ ಎಷ್ಟೋ ಜನ ಎಡವುತ್ತಾರೆ. 40 ನಂಬರ್ ದಾರಕ್ಕೆ 18ರ ಸೂಜಿ ಸರಿ. 20 ನಂಬರಿನದು ಅದಕ್ಕಿಂತ ಬಹಳ ದಪ್ಪ, ಅದಕ್ಕೆ 22 ಅಥವಾ 23 ಬೇಕು. ಪೊಟ್ಟಣದ ಮೇಲೆ 140/22, 160/23 ಎಂದಿರುತ್ತದೆ. 140 ಅಂದರೆ ಸೂಜಿಯ ದಪ್ಪ 1.40 ಮಿ.ಮೀ. ಈಗ ನಿಮ್ಮ ಸೂಜಿ ಮಾಡುವ ತೂತು ಕಿರಿದು. ಮೇಲಿನ ದಾರವೂ ಬಾಬಿನ್ ದಾರವೂ ಹೆಣೆದುಕೊಂಡ ಗಂಟು ಚರ್ಮದೊಳಕ್ಕೆ ಏರಲು ಜಾಗವಿಲ್ಲದೆ ಅಡಿಯಲ್ಲೇ ನಿಲ್ಲುತ್ತದೆ. ಗಂಟು ಕಂಡಿತೆಂದು ನೀವು ಮೇಲಿನ ಟೆನ್ಷನ್ ಬಿಗಿ ಮಾಡುತ್ತೀರಿ. ಸೂಜಿಯ ಕಣ್ಣಿನಲ್ಲಿ ಮೊದಲೇ ಉಜ್ಜಿಕೊಂಡು ಬರುತ್ತಿರುವ ದಾರ ಆಗ ತುಂಡಾಗುತ್ತದೆ. ಸೂಜಿ ಬದಲಿಸಿ ಟೆನ್ಷನ್ ಸಡಿಲಿಸಿ ನೋಡಿ, ಎರಡು ತೊಂದರೆಯೂ ಒಟ್ಟಿಗೇ ಇಳಿಯುತ್ತವೆ.

ಕೊಳ್ಳುವಾಗಲೇ ಪರೀಕ್ಷೆ ಮಾಡಿಕೊಳ್ಳಿ. ಒಂದು ಗೇಣು ದಾರಕ್ಕೆ ಸೂಜಿ ಪೋಣಿಸಿ, ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಓರೆಗೆ ಹಿಡಿಯಿರಿ. ಸೂಜಿ ತಾನಾಗಿ ಜಾರಿ ಕೆಳಗಿಳಿಯಬೇಕು. ನಿಂತರೆ ಇನ್ನೊಂದು ಸೈಜ್ ಮೇಲಿನದನ್ನು ಕೇಳಿ.

ಇನ್ನು ಸೂಜಿಯ ತುದಿ. ಚಪ್ಪಟೆ ಮೇಜಿನ ವಾಕಿಂಗ್ ಫೂಟ್ ಮೆಷಿನ್‌ಗಳಲ್ಲಿ ಹೆಚ್ಚಿನವು 135×17 ಸೂಜಿಯವು, ಡಿಪಿ×17 ಎಂದೂ ಬರೆದಿರುತ್ತಾರೆ. ನಿಮ್ಮದು ಹಳೆಯ ಮೆಷಿನ್ ಆದ್ದರಿಂದ ಈಗಿರುವ ಸೂಜಿಯನ್ನು ಕಿತ್ತು ಅಂಗಡಿಗೆ ಒಯ್ಯಿರಿ. 135×17ರ ತುದಿ ದುಂಡಗೆ, ಅದು ಬಟ್ಟೆಗೆ, ಕ್ಯಾನ್ವಾಸಿಗೆ, ರೆಕ್ಸಿನ್ನಿಗೆ. ಅದೇ ಉದ್ದ, ಅದೇ ಬುಡ ಇರುವ 135×16ರ ತುದಿ ಚರ್ಮವನ್ನು ಸೀಳುವಂಥದು. ತೊಗಟೆ ಹದದ ಗಟ್ಟಿ ಚರ್ಮಕ್ಕೆ ದುಂಡು ತುದಿ ಹಾಕಿದರೆ ಅದು ನಾರನ್ನು ಅತ್ತಿತ್ತ ತಳ್ಳಿಕೊಂಡು ಇಳಿಯಬೇಕು. ಮೋಟಾರಿಗೂ ಶ್ರಮ, ಸೂಜಿಯೂ ಬಾಗುತ್ತದೆ. ಸೀಳುವ ತುದಿಗಳಲ್ಲೂ ಬಗೆಗಳಿವೆ. ಎಲ್‌ಆರ್ (LR) ಎಂಬ ತುದಿಯಲ್ಲಿ ಹೊಲಿಗೆ ಸ್ವಲ್ಪ ಓರೆಯಾಗಿ ಕೂರುತ್ತದೆ, ಪರ್ಸು, ಬ್ಯಾಗಿಗೆ ಅಂದ. ದಪ್ಪ ಪಟ್ಟಿಗೆ ತ್ರಿಕೋನ ತುದಿ ಕೇಳಿ, ಹೊಲಿಗೆ ನೇರ ಬರುತ್ತದೆ. ಯಾವ ತುದಿಯಾದರೂ ಹೊಲಿಗೆಯ ಉದ್ದ 4 ಮಿ.ಮೀ.ಗಿಂತ ಕಿರಿದು ಮಾಡಬೇಡಿ. ಒತ್ತೊತ್ತಾಗಿ ಚುಚ್ಚಿದರೆ ಅಂಚೆಚೀಟಿ ಹಾಳೆಯ ತೂತಿನ ಸಾಲಿನಂತಾಗಿ, ಎತ್ತು ಕತ್ತು ಕೊಡವಿದಾಗ ಪಟ್ಟಿ ಅಲ್ಲೇ ಹರಿಯುತ್ತದೆ.

18ರಿಂದ 23ಕ್ಕೆ ಏರಿದಾಗ ಮೋಟಾರ್ ಹಾಕುವ ಮುಂಚೆ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ದಪ್ಪ ಸೂಜಿ ಪ್ಲೇಟಿನ ತೂತಿನ ಅಂಚಿಗಾಗಲಿ, ಅಡಿಯಲ್ಲಿ ದಾರ ಹಿಡಿಯುವ ಹುಕ್ಕಿಗಾಗಲಿ ತಾಗಬಾರದು. ತಾಗಿದರೆ ಮೆಕ್ಯಾನಿಕ್ ಕರೆಸಿ ಹುಕ್ಕಿನ ಅಂತರ ಸರಿಮಾಡಿಸಿ, ಬೇಕಾದರೆ ದೊಡ್ಡ ತೂತಿನ ಪ್ಲೇಟ್ ಹಾಕಿಸಿ. 20ಕ್ಕಿಂತ ದಪ್ಪ ದಾರದ ಆಸೆ ಬೇಡ. ಅದು 441 ಬಗೆಯ ದೊಡ್ಡ ತೋಳಿನ ಮೆಷಿನ್ನಿನ ಕೆಲಸ.

ದಾರವನ್ನೂ ಮುಂದಿನ ಸಲ ಬದಲಿಸಿ. ನೈಲಾನ್ ಗಟ್ಟಿಯೇ, ಆದರೆ ಬಿಸಿಲಿಗೆ ವರ್ಷಾನುಗಟ್ಟಲೆ ಒಡ್ಡಿದರೆ ಬಲ ಕಳೆದುಕೊಳ್ಳುತ್ತದೆ. ಹೊಲದಲ್ಲಿ ದಿನವಿಡೀ ನಿಲ್ಲುವ ಎತ್ತಿನ ಕೊರಳಿಗೆ ಬಾಂಡೆಡ್ (ಎಳೆಗಳನ್ನು ಒಂದಕ್ಕೊಂದು ಅಂಟಿಸಿದ) ಪಾಲಿಯೆಸ್ಟರ್ ಬಾಳಿಕೆ ಬರುತ್ತದೆ.

ಎರಡನೆಯದು ವೇಗ. 50 ಸೈಕಲ್ ಕರೆಂಟಿನಲ್ಲಿ ಕ್ಲಚ್ ಮೋಟಾರ್ ನಿಮಿಷಕ್ಕೆ ಸುಮಾರು 1,440 ಅಥವಾ 2,880 ಸುತ್ತು ಸುತ್ತುತ್ತಲೇ ಇರುತ್ತದೆ, ನೀವು ಹೊಲಿಯದಿದ್ದರೂ ಕರೆಂಟ್ ತಿನ್ನುತ್ತದೆ. ಬಕಲ್ ಸುತ್ತ ಒಂದೊಂದೇ ಹೊಲಿಗೆ ಇಡುವ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಸರ್ವೋ ಒಳ್ಳೆಯದು, ಆದರೆ ಅದೊಂದನ್ನೇ ತಂದರೆ ತೀರಾ ನಿಧಾನದಲ್ಲಿ 7 ಮಿ.ಮೀ. ಚರ್ಮಕ್ಕೆ ಸೂಜಿ ಇಳಿಸುವ ಬಲ ಸಾಲದೆ ನಿಂತುಬಿಡಬಹುದು. ಮೂರಕ್ಕೊಂದರ ರಿಡ್ಯೂಸರ್ ಪುಲ್ಲಿ ವೇಗವನ್ನು ಮೂರನೇ ಒಂದಕ್ಕೆ ಇಳಿಸಿ, ಬಲವನ್ನು ಹತ್ತಿರಹತ್ತಿರ ಮೂರು ಪಟ್ಟು ಮಾಡುತ್ತದೆ. ಹಾಗಾಗಿ ಜಾತ್ರೆ ಮುಗಿದು ಕೈಯಲ್ಲಿ ದುಡ್ಡು ಆಡುವಾಗ 550 ವ್ಯಾಟಿನ ಸರ್ವೋ ಮತ್ತು ರಿಡ್ಯೂಸರ್ ಎರಡನ್ನೂ ಒಟ್ಟಿಗೇ ತನ್ನಿ. ಅಲ್ಲಿಯವರೆಗೆ ಮೋಟಾರಿನ ಪುಲ್ಲಿ ತೆಗೆದು 50 ಮಿ.ಮೀ. ವ್ಯಾಸದ ಚಿಕ್ಕದು ಹಾಕಿಸಿ. ಬೆಲ್ಟೂ ಅದಕ್ಕೆ ತಕ್ಕಂತೆ ಗಿಡ್ಡದಾಗಬೇಕು. ಸೂಜಿಯನ್ನು ಮೇಲೋ ಕೆಳಗೋ ನಿಲ್ಲಿಸುವ ಪೊಸಿಷನರ್ ಬೇಕೆಂದರೆ ಅದರ ಸೆನ್ಸರ್ ಮೆಷಿನ್ನಿನ ಕೈಚಕ್ರದ ಮೇಲೇ ಇರಬೇಕು. ರಿಡ್ಯೂಸರ್ ಇದ್ದಾಗ ಒಂದು ಹೊಲಿಗೆಗೆ ಮೋಟಾರ್ ಹಲವು ಸುತ್ತು ಹಾಕುವುದರಿಂದ ಮೋಟಾರಿನಲ್ಲಿರುವ ಸೆನ್ಸರಿಗೆ ಲೆಕ್ಕ ಸಿಗುವುದಿಲ್ಲ.

ಫೂಟ್‌ಗಳ ಸೆಟ್ ಖಂಡಿತ ಬೇಡ. ಅದರಲ್ಲಿ ಬರುವ ಪೈಪಿಂಗ್ ಫೂಟ್‌ಗಳು (ಅಂಚಿಗೆ ದುಂಡು ಪಟ್ಟಿ ಹೊಲಿಯುವವು) ಸೋಫಾ, ಸೀಟು ಹೊಲಿಯುವವರಿಗೆ. ನಿಮಗೆ ಬೇಕಾದದ್ದು ಅಡಿ ನುಣುಪಾಗಿರುವ ಒಂದು ಜೊತೆ, ಏಕೆಂದರೆ ಹಲ್ಲಿರುವ ಫೂಟ್ ತೊಗಟೆ ಹದದ ಚರ್ಮದ ಮೇಲೆ ಅಳಿಸದ ಗುರುತು ಬಿಡುತ್ತದೆ. ಬಕಲ್ ಪಕ್ಕಕ್ಕೆ ಹೋಗಲು ಒಂದೇ ಬೆರಳಿನ ಕಿರಿದಾದ ಫೂಟ್ ಕೂಡ ಉಪಯೋಗ. ಅಂಚಿನ ಗೈಡ್ ಮಾತ್ರ ಈಗಲೇ ಕೊಳ್ಳಿ, ರೋಲರ್ ಇರುವುದು, ಬೇಡವಾದಾಗ ಪಕ್ಕಕ್ಕೆ ಮಡಚುವಂಥದು. ಪಟ್ಟಿಯ ಎರಡೂ ಅಂಚಿಗೆ ಹೊಲಿಗೆ ಸಮನಾಗಿ ಓಡಿದರೆ ಗಿರಾಕಿ ಮೊದಲು ನೋಡುವುದೇ ಅದನ್ನು.

ಪ್ರಶ್ನೆ: ಚಿಂತಾಮಣಿಯಲ್ಲಿ ಟ್ರ್ಯಾಕ್ಟರ್, ಬೈಕ್ ಸೀಟಿಗೆ ರೆಕ್ಸಿನ್ ಹೊಲಿಯುತ್ತೇನೆ. ಒಳ್ಳೆಯ ಲೆದರ್ ಸೂಜಿಯನ್ನೇ ಹಾಕುತ್ತೇನೆ, ಆದರೂ ಕೆಲವೇ ತಿಂಗಳಲ್ಲಿ ಹೊಲಿಗೆ ಸಾಲಿನಲ್ಲೇ ಹರಿಯುತ್ತದೆ.

ಉತ್ತರ: ಲೆದರ್ ಸೂಜಿಯೇ ಕಾರಣವಿರಬೇಕು. ರೆಕ್ಸಿನ್ನಿನ ಬಲವೆಲ್ಲ ಹಿಂಬದಿಯ ಬಟ್ಟೆಯಲ್ಲಿದೆ. ಸೀಳುವ ತುದಿ ಅದರ ನೂಲನ್ನು ಕತ್ತರಿಸುತ್ತದೆ. ದುಂಡು ತುದಿಯ 135×17 ಹಾಕಿ, 40 ನಂಬರ್ ಪಾಲಿಯೆಸ್ಟರ್ ದಾರ, 4 ಮಿ.ಮೀ. ಹೊಲಿಗೆ. ಬಿಸಿಲು ಕಾಲದಲ್ಲಿ ರೆಕ್ಸಿನ್ ಫೂಟಿಗೆ ಅಂಟಿಕೊಂಡರೆ ಟೆಫ್ಲಾನ್ ಫೂಟ್.

ಪ್ರಶ್ನೆ: ಕೋಲಾರದ ಗೃಹಿಣಿ ನಾನು. ಮನೆಯ ಹೊಲಿಗೆ ಮೆಷಿನ್ನಿಗೆ ವಾಕಿಂಗ್ ಫೂಟ್ ಸಿಕ್ಕಿಸಿದರೆ ಚರ್ಮದ ಪರ್ಸು ಹೊಲಿಯಬಹುದೇ?

ಉತ್ತರ: ಮೆತ್ತನೆಯ ಮೇಕೆ ಚರ್ಮ, ಎರಡು ಪದರ ಸೇರಿ 2 ಮಿ.ಮೀ. ಒಳಗಿದ್ದರೆ ಹೊಲಿಯಬಹುದು. ಸಿಕ್ಕಿಸುವ ವಾಕಿಂಗ್ ಫೂಟ್ ಪದರಗಳನ್ನು ಸಮನಾಗಿ ಸಾಗಿಸುತ್ತದೆ, ಮೆಷಿನ್ನಿಗೆ ಬಲ ಕೊಡುವುದಿಲ್ಲ. ಆದ್ದರಿಂದ ಬೆಲ್ಟಿಗೆ ಕೈಹಾಕಬೇಡಿ. ಮನೆ ಮೆಷಿನ್ನಿನ ಲೆದರ್ ಸೂಜಿ 100/16 ತನ್ನಿ, ಮೂಲೆಗಳಲ್ಲಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಗುಂಡುಪಿನ್ನು ಚುಚ್ಚಬೇಡಿ, ಚರ್ಮದ ತೂತು ಮುಚ್ಚಿಕೊಳ್ಳುವುದಿಲ್ಲ. ಕ್ಲಿಪ್ ಹಾಕಿ ಹಿಡಿಸಿ.