ಮ್ಯಾರಥಾನ್ ಒಬ್ಬರೇ ಓಡಲು ಸಾಧ್ಯವೇ, ಜೊತೆಗಾರರು ಬೇಕೇ?

ಯಾದಗಿರಿಯಲ್ಲಿ ಒಬ್ಬರೇ ಓಡುತ್ತಿದ್ದೀರಿ, ಹತ್ತು ಕಿಲೋಮೀಟರ್‌ವರೆಗೆ ಬಂದಿದ್ದೀರಿ. ಪೂರ್ಣ ಮ್ಯಾರಥಾನ್ ಓಡಬೇಕೆಂದರೆ ಜೊತೆಗಾರರು ಬೇಕೇ, ಬೇಕಾದರೆ ನಮ್ಮಂಥ ಊರುಗಳಲ್ಲಿ ಅವರು ಎಲ್ಲಿ ಸಿಗುತ್ತಾರೆ ಎಂದು ಕೇಳಿದ್ದೀರಿ. ನಾನು ಬೀದರ್‌ನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ವಯಸ್ಸು 44. ಓಡಲು ಶುರುಮಾಡಿ ಐದು ವರ್ಷವಾಯಿತು. ಮೊದಲ ಎರಡು ವರ್ಷ ಒಬ್ಬಳೇ ಓಡಿದೆ, ಆಮೇಲೆ ಜೊತೆ ಸಿಕ್ಕಿತು. ಹಾಗಾಗಿ ಎರಡನ್ನೂ ಕಂಡವಳಾಗಿ ಬರೆಯುತ್ತಿದ್ದೇನೆ.

42.195 ಕಿಲೋಮೀಟರ್ ದೂರವನ್ನು ಒಬ್ಬರೇ ಓಡಿ ಮುಗಿಸಬಹುದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಒಂದು ದಿನಕ್ಕಾಗಿ ಹದಿನಾರು, ಹದಿನೆಂಟು ವಾರ ಬೆಳಗಿನ ಜಾವ ಏಳುತ್ತಲೇ ಇರಬೇಕಲ್ಲ, ಅದು ನನ್ನೊಬ್ಬಳಿಂದ ಆಗಲಿಲ್ಲ.

ಆಗ ನಾನು ಮನೆಯಿಂದ ಊರ ನಡುವಿನ ಹಳೆಯ ಕಾವಲು ಗೋಪುರವಾದ ಚೌಬಾರಕ್ಕೆ, ಅಲ್ಲಿಂದ ಕೋಟೆಯ ಬಾಗಿಲಿನವರೆಗೆ ಓಡಿ ಹಿಂದಿರುಗುತ್ತಿದ್ದೆ. ಹಾಲಿನವರು ಬಿಟ್ಟರೆ ರಸ್ತೆಯಲ್ಲಿ ಯಾರೂ ಇರುತ್ತಿರಲಿಲ್ಲ. ವೇಲನ್ನು ಸೊಂಟಕ್ಕೆ ಬಿಗಿದು ಓಡುವ ಹೆಂಗಸನ್ನು ಕಂಡು, ಸೈಕಲ್ ನಿಲ್ಲಿಸಿ, "ಏನಾಯಿತಮ್ಮ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ?" ಎಂದು ಕೇಳಿದವರಿದ್ದಾರೆ. ನಾಯಿಗಳು ಬೆನ್ನಟ್ಟಿದ ದಿನ ಅರ್ಧಕ್ಕೇ ಮನೆಗೆ ಬಂದು, ಮರುದಿನ ಹೊರಗೆ ಹೋಗದೆ ಮಲಗಿಬಿಡುತ್ತಿದ್ದೆ. ಮೂರನೆಯ ದಿನ, ತಪ್ಪಿಸಿದ್ದನ್ನೆಲ್ಲ ಸೇರಿಸಿ ಓಡುತ್ತಿದ್ದೆ. ಒಬ್ಬರೇ ಇದ್ದರೆ ಆಗುವ ದೊಡ್ಡ ಕೇಡು ಇದೇ ಎಂದು ಈಗ ಅನ್ನಿಸುತ್ತದೆ: ಸೋಮಾರಿತನಕ್ಕೂ ತಡೆಯಿಲ್ಲ, ಹಟಕ್ಕೂ ತಡೆಯಿಲ್ಲ. ಒಂದೇ ತಿಂಗಳಲ್ಲಿ ವಾರದ ಓಟವನ್ನು 25 ಕಿಲೋಮೀಟರ್‌ನಿಂದ 45ಕ್ಕೆ ಏರಿಸಿದೆ. ಬಲಗಾಲಿನ ಪಾದ ನೋಯತೊಡಗಿತು. ನೋವಿನ ಮಾತ್ರೆ ನುಂಗಿ ಮತ್ತೆ ಓಡಿದೆ. ಕೊನೆಗೆ ಪಾದದ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿದೆ ಎಂದು ಗೊತ್ತಾಯಿತು. ಎಂಟು ವಾರ ಓಡುವಂತಿಲ್ಲ ಎಂದರು ವೈದ್ಯರು.

ಜೊತೆ ಸಿಕ್ಕಿದ್ದು ಓಡದೆ ಇದ್ದ ಆ ಎಂಟು ವಾರಗಳಲ್ಲಿ. ಐದಕ್ಕೆ ಎಚ್ಚರವಾಗುವ ಅಭ್ಯಾಸ ಹೋಗಿರಲಿಲ್ಲ. ಮನೆಯಲ್ಲಿ ಕೂರಲಾರದೆ ಸ್ಕೂಟಿ ತೆಗೆದುಕೊಂಡು ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತಿದ್ದೆ. ಅಲ್ಲಿ ಬೇರೊಂದು ಶಾಲೆಯ ಪಿ.ಟಿ. ಸರ್, ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸುವ ಹುಡುಗ ಹುಡುಗಿಯರನ್ನು ದುಡ್ಡು ಕಾಸು ಕೇಳದೆ ಓಡಿಸುತ್ತಿದ್ದರು. ಅವರ ಜೊತೆ, ಐವತ್ತು ದಾಟಿದ ಒಬ್ಬ ಬಿದರಿ ಕುಶಲಕರ್ಮಿಯೂ ಸುತ್ತು ಹಾಕುತ್ತಿದ್ದರು. ದಿನವಿಡೀ ನೆಲದ ಮೇಲೆ ಕುಳಿತು, ಬಗ್ಗಿ, ಲೋಹದ ಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುವ ಕೆಲಸ ಅವರದು. ಬೆನ್ನು ಹಿಡಿದುಕೊಂಡಿತೆಂದು ನಡೆಯಲು ಬಂದವರು ಹಾಗೆಯೇ ಓಟಕ್ಕೆ ಹೊರಳಿದ್ದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯತೊಡಗಿದೆ.

ಒಂದು ಶನಿವಾರ ಪಿ.ಟಿ. ಸರ್ ನನ್ನ ಬಳಿ ಬಂದು, "ಟೀಚರ್, ಸುಮ್ಮನೆ ಕೂರುವುದಾದರೆ ನಾಳೆ ನಮ್ಮ ನೀರು ಹೊತ್ತುಕೊಂಡು ಬನ್ನಿ. ಅಷ್ಟೂರಿಗೆ ಹೋಗಿ, ಅಲ್ಲಿಂದ ಮುಂದಕ್ಕೂ ಓಡುವವರಿದ್ದೇವೆ" ಎಂದರು. ಹೋದೆ. ಸ್ಕೂಟಿಯ ಮುಂದೆ ಒಂದು ಕ್ಯಾನ್ ನೀರು, ಚೀಲದಲ್ಲಿ ಬಾಳೆಹಣ್ಣು, ಉಪ್ಪು ಬೆರೆಸಿದ ನಿಂಬೆ ಪಾನಕ. ಎರಡೆರಡು ಕಿಲೋಮೀಟರ್ ಮುಂದೆ ಹೋಗಿ ನಿಂತು, ಅವರು ಬಂದಾಗ ಲೋಟ ಚಾಚುವುದು. ನನ್ನ ತವರು ವಿಜಯಪುರ ಜಿಲ್ಲೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆದು ಹೋಗುವವರಿಗೆ ನಮ್ಮೂರವರು ರಸ್ತೆ ಪಕ್ಕ ಚಪ್ಪರ ಹಾಕಿ ಅಂಬಲಿ, ಮಜ್ಜಿಗೆ ಕೊಡುತ್ತಿದ್ದರು. ಬೊಕ್ಕೆ ಎದ್ದ ಪಾದಗಳಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ನಡೆಯುವವರ ಹೆಸರು, ಊರು ಯಾರೂ ಕೇಳುತ್ತಿರಲಿಲ್ಲ. ಚಿಕ್ಕವಳಿದ್ದಾಗ ಲೋಟ ತೊಳೆದುಕೊಡುವ ಕೆಲಸ ನನ್ನದಾಗಿತ್ತು. ಅಷ್ಟೂರು ರಸ್ತೆಯಲ್ಲಿ ಲೋಟ ಹಿಡಿದು ನಿಂತಾಗ ಆ ಚಪ್ಪರದ ನೆರಳೇ ನೆನಪಾಯಿತು. ಎಂಟು ಭಾನುವಾರ ಒಂದು ಹೆಜ್ಜೆಯನ್ನೂ ಓಡದೆ ಆ ಗುಂಪಿನವಳಾದೆ.

ನನ್ನ ಪಾದ ಗುಣವಾಗಿ ಮತ್ತೆ ಓಡತೊಡಗಿದಾಗ ರಂಜಾನ್ ತಿಂಗಳು ಬಂತು. ಉಪವಾಸವಿದ್ದುದರಿಂದ ಉಸ್ತಾದ್ ಉದ್ದ ಓಟ ನಿಲ್ಲಿಸಿದರು. ಆದರೆ ಭಾನುವಾರ ಬೆಳಿಗ್ಗೆ ನೋಡಿದರೆ, ಉಪವಾಸಕ್ಕೆ ಮುಂಚಿನ ನಸುಕಿನ ಊಟ ಸಹರಿ ಮುಗಿಸಿ, ನಮಾಜು ಮುಗಿಸಿ, ತಮ್ಮ ಹಳೆಯ ಸ್ಕೂಟರ್ ಮೇಲೆ ನಮ್ಮ ನೀರಿನ ಕ್ಯಾನ್ ಇಟ್ಟುಕೊಂಡು ಕೋಟೆಯ ಬಾಗಿಲಲ್ಲಿ ನಿಂತಿದ್ದಾರೆ. ಬಾಯಿಗೆ ಹನಿ ನೀರು ಹಾಕದ ಮನುಷ್ಯ ನಮಗೆ ಲೋಟ ತುಂಬಿ ತುಂಬಿ ಕೊಟ್ಟರು. "ಬೇಡ ಉಸ್ತಾದ್, ನಿಮಗೆ ಕಷ್ಟ" ಎಂದೆ. "ನೀವು ಎಂಟು ವಾರ ಹೊತ್ತಿದ್ದೀರಿ, ನನಗೆ ನಾಲ್ಕು ವಾರವಾದರೂ ಬೇಡವೇ?" ಎಂದರು. ನನಗೆ ಮಾತು ಹೊರಡಲಿಲ್ಲ.

ಜೊತೆಗಾರರಿದ್ದರೆ ತಯಾರಿ ಹೇಗೆ ಬದಲಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ವಾರದ ಬಹುಪಾಲು ಓಟ, ಮಾತಾಡುತ್ತ ಓಡಬಲ್ಲಷ್ಟು ನಿಧಾನವಾಗಿರಬೇಕು ಎಂದು ಎಲ್ಲ ತರಬೇತುದಾರರೂ ಹೇಳುತ್ತಾರೆ. ಒಬ್ಬಳೇ ಇದ್ದಾಗ ಇದನ್ನು ಪರೀಕ್ಷಿಸುವುದು ಹೇಗೆ? ನಮ್ಮ ಗುಂಪಿನಲ್ಲಿ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಒಬ್ಬ ಹುಡುಗಿ ಇದ್ದಾಳೆ. ಲಿಖಿತ ಪರೀಕ್ಷೆಯಲ್ಲಿ ಒಮ್ಮೆ ಕೆಲವೇ ಅಂಕಗಳಿಂದ ಸೋತವಳು. ಓಡುತ್ತಲೇ ನಾನು ಅವಳಿಗೆ ಪ್ರಶ್ನೆ ಹಾಕುತ್ತೇನೆ. "ಮಳೆಗಾಲ, ಯಾವ ಸಂಧಿ?" "ಮಳೆ ಕೂಡ ಕಾಲ, ಮಳೆಗಾಲ, ಕಕಾರಕ್ಕೆ ಗಕಾರ ಬಂದು ಆದೇಶ ಸಂಧಿ, ಟೀಚರ್." ಇಡೀ ಉತ್ತರ ಒಂದೇ ಉಸಿರಿನಲ್ಲಿ ಬಂದರೆ ವೇಗ ಸರಿಯಾಗಿದೆ. "ಮಳೆ ಕೂಡ..." ಎಂದು ಅಲ್ಲಿಗೇ ನಿಂತರೆ, "ನಿಧಾನ, ನಿಧಾನ" ಎಂದು ಹಿಂದಿನಿಂದ ಪಿ.ಟಿ. ಸರ್ ದನಿ ಕೇಳಿಸುತ್ತದೆ. ಸಾಮಾನ್ಯ ಜ್ಞಾನದ ಪ್ರಶ್ನೆಗಳೂ ಇರುತ್ತವೆ. ಬಿದರಿ ಕಲೆಗೆ ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಸಿಕ್ಕಿದ್ದು ಯಾವ ವರ್ಷ? 2006. ಆ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಪಡೆದವರು ಯಾರು? ಅವಳು ಬಾಯಿ ತೆರೆಯುವ ಮೊದಲೇ ಉಸ್ತಾದ್, "ಶಾ ರಶೀದ್ ಅಹ್ಮದ್ ಖಾದ್ರಿ" ಎಂದು ಅಭಿಮಾನದಿಂದ ಹೇಳಿಬಿಡುತ್ತಾರೆ. ಸತು, ತಾಮ್ರದ ಎರಕಕ್ಕೆ ಕೋಟೆಯ ಮಣ್ಣು ಮತ್ತು ನವಸಾಗರ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ ಎನ್ನುವುದನ್ನು ನಾನು ಕಲಿತದ್ದೂ ಹೀಗೆ ಓಡುತ್ತಲೇ. ಇದೇ ಊರಿನಲ್ಲಿ ಹದಿನೆಂಟು ವರ್ಷ ಇದ್ದೂ ಕೇಳಿ ತಿಳಿದುಕೊಂಡಿರಲಿಲ್ಲ.

ನಾವು ತಿರುಗಿಕೊಳ್ಳುವ ಜಾಗ ಅಷ್ಟೂರಿನ ಬಹಮನಿ ಸುಲ್ತಾನರ ಗುಮ್ಮಟಗಳು. ಅಲ್ಲಿ ಅಹ್ಮದ್ ಶಾ ವಲಿಯ ಸಮಾಧಿಯಿದೆ. ಆತನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುವವರಿದ್ದಾರೆ. ಪ್ರತಿವರ್ಷ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಪಿ.ಟಿ. ಸರ್ ಕೈಮುಗಿಯುತ್ತಾರೆ, ಉಸ್ತಾದ್ ದುವಾ ಕೇಳುತ್ತಾರೆ, ಆಮೇಲೆ ಇಬ್ಬರೂ ಒಂದೇ ಬಾಟಲಿಯಿಂದ ನೀರು ಕುಡಿದು ಮರಳಿ ಓಡುತ್ತಾರೆ. ಈ ನೆಲದಲ್ಲಿ ಇದು ಹೊಸದೇನಲ್ಲ. ಆದರೂ ಪ್ರತಿಸಲ ನೋಡುವಾಗ ನನಗೆ ಎದೆ ತುಂಬಿ ಬರುತ್ತದೆ, ಅದನ್ನು ಬರೆಯದೆ ಇರಲಾರೆ.

ನಾವು ಆರಿಸಿಕೊಂಡದ್ದು ಆಗಸ್ಟ್ ತಿಂಗಳಲ್ಲಿ ನಡೆಯುವ ಹೈದರಾಬಾದ್ ಮ್ಯಾರಥಾನ್. ಬೀದರ್‌ನಿಂದ ಬಸ್ಸಿನಲ್ಲಿ ಹೋಗಿಬರಬಹುದಾದಷ್ಟು ಹತ್ತಿರ. ತೊಂದರೆಯೆಂದರೆ, ಆಗಸ್ಟ್‌ನ ಓಟಕ್ಕೆ ಏಪ್ರಿಲ್, ಮೇ ತಿಂಗಳಲ್ಲೇ ತಯಾರಿ ಶುರುವಾಗಬೇಕು. ನಮ್ಮ ಕಡೆಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ, ಯಾದಗಿರಿಯಲ್ಲಿ ಇನ್ನೂ ಹೆಚ್ಚು. ನಸುಕಿನ ನಾಲ್ಕೂವರೆಗೆ ಹೊರಟು ಏಳರೊಳಗೆ ಮುಗಿಸುತ್ತಿದ್ದೆವು. ಮೂವತ್ತು ಕಿಲೋಮೀಟರ್‌ನ ಓಟಗಳನ್ನು ಮಳೆ ಬಿದ್ದ ಮೇಲೆ, ಜುಲೈನಲ್ಲಿ, ಔರಾದ್ ರಸ್ತೆಯಲ್ಲಿ ಓಡಿದೆವು. ಎರಡೂ ಕಡೆ ಸೋಯಾ, ಹೆಸರು ಎದ್ದಿದ್ದ ಹೊಲಗಳು. ಒಂದು ಎಚ್ಚರಿಕೆ: ಬಾಯಾರಿಕೆಯೆಂದು ಬರಿಯ ನೀರನ್ನೇ ಲೋಟಗಟ್ಟಲೆ ಕುಡಿಯಬೇಡಿ. ರಕ್ತದಲ್ಲಿ ಸೋಡಿಯಂ ತೀರ ಇಳಿದರೆ ಪ್ರಾಣಕ್ಕೇ ಅಪಾಯ. ಓಆರ್‌ಎಸ್ ಅಥವಾ ಉಪ್ಪು, ಸಕ್ಕರೆ ಬೆರೆಸಿದ ಪಾನಕ ಇಟ್ಟುಕೊಳ್ಳಿ.

ಹೊರಡುವ ಹಿಂದಿನ ಭಾನುವಾರ ಪಿ.ಟಿ. ಸರ್ ಒಂದು ಮಾತು ತೆಗೆದುಕೊಂಡರು. ಓಟದ ದಿನ ಯಾರಿಗೆ ಮುಂದೆ ಹೋಗುವ ಶಕ್ತಿ ಇರುತ್ತದೋ ಅವರು ಹೋಗಬೇಕು, ಹಿಂದೆ ಉಳಿದವರು ಬೇಸರಪಡಬಾರದು ಎಂದು. ಆಗ ಸುಲಭವಾಗಿ ತಲೆಯಾಡಿಸಿದೆ. ಬೆಳಿಗ್ಗೆ ನೆಕ್ಲೆಸ್ ರಸ್ತೆಯಿಂದ ನಾನು, ಉಸ್ತಾದ್ ಒಟ್ಟಿಗೆ ಹೊರಟೆವು. ಪಿ.ಟಿ. ಸರ್ ತಮ್ಮ ವೇಗದಲ್ಲಿ ಮುಂದೆ ಹೋದರು. ಹುಡುಗಿಯದು ಅರ್ಧ ಮ್ಯಾರಥಾನ್. ಮೇಲ್ಸೇತುವೆಗಳ ಏರಿನಲ್ಲಿ ನಡೆದು, ಇಳಿಜಾರಿನಲ್ಲಿ ಓಡಿ, ಮೂವತ್ತು ಕಿಲೋಮೀಟರ್ ಚೆನ್ನಾಗಿಯೇ ದಾಟಿದೆವು. ಅಲ್ಲಿಂದ ಮುಂದಿನದೇ ಬೇರೆ. ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜೆನ್, ಅಂದರೆ ಓಟಕ್ಕೆ ಶಕ್ತಿ ಕೊಡುವ ಸಕ್ಕರೆಯ ದಾಸ್ತಾನು, ಬರಿದಾಗುವ ಹೊತ್ತು ಅದು. ಕಾಲು ಸೀಸದಂತೆ ಆಗುತ್ತದೆ, ಮನಸ್ಸು ಏನೇನೋ ನೆಪ ಹುಡುಕುತ್ತದೆ. 33ನೇ ಕಿಲೋಮೀಟರ್ ಹತ್ತಿರ ಉಸ್ತಾದರ ಮೀನಖಂಡ ಸೆಟೆದುಕೊಂಡಿತು. ಕೂರಿಸಿ, ಪಾದವನ್ನು ಹಿಂದಕ್ಕೆ ಒತ್ತಿ ಹಿಡಿದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರು, ಮತ್ತೆ ಹಿಡಿದುಕೊಂಡಿತು. "ನೀವು ಹೋಗಿರಿ ಟೀಚರ್" ಎಂದರು. ಆಗುವುದಿಲ್ಲ ಎಂದೆ. "ಮಾತು ಕೊಟ್ಟಿದ್ದೀರಿ. ನೀವು ನಿಂತರೆ ನನ್ನ ಕಾಲಿನ ನೋವಿನ ಜೊತೆಗೆ ನಿಮ್ಮನ್ನು ನಿಲ್ಲಿಸಿದ ನೋವನ್ನೂ ಹೊರಬೇಕು. ಅದು ನನಗೆ ಬೇಡ."

ಹೋದೆ. ಮುಂದಿನ ಎರಡು ಕಿಲೋಮೀಟರ್ ಅಳುತ್ತಲೇ ಓಡಿದೆ. ಜೊತೆ ಎಂದರೆ ಕೊನೆಯವರೆಗೆ ಪಕ್ಕದಲ್ಲೇ ಇರುವುದು ಎಂದು ನಂಬಿದ್ದವಳು ನಾನು. ಅದು ಹಾಗಲ್ಲ ಎಂದು ಅರಗಿಸಿಕೊಳ್ಳಲು ಗಚ್ಚಿಬೌಲಿ ಕ್ರೀಡಾಂಗಣದವರೆಗಿನ ಅಷ್ಟೂ ದಾರಿ ಬೇಕಾಯಿತು. 5 ಗಂಟೆ 2 ನಿಮಿಷಕ್ಕೆ ಮುಗಿಸಿದೆ. ಪದಕ ಕೊರಳಿಗೆ ಬಿದ್ದರೂ ಸಂತೋಷವಾಗಲಿಲ್ಲ. ಹುಡುಗಿ, ಪಿ.ಟಿ. ಸರ್, ನಾನು, ಮೂವರೂ ಗೆರೆಯ ಪಕ್ಕದಲ್ಲಿ ಬಾಳೆಹಣ್ಣು, ನೀರು ಹಿಡಿದು ಕಾದೆವು. 39 ನಿಮಿಷದ ನಂತರ ಉಸ್ತಾದ್ ಕುಂಟುತ್ತ ಒಳಗೆ ಬಂದರು. ಗೆರೆ ದಾಟಿದವರೇ ಮೊದಲು ಕೇಳಿದ್ದು ನನ್ನ ಸಮಯವನ್ನು. ಹೇಳಿದೆ. "ನೋಡಿ, ನಿಂತಿದ್ದರೆ ಆಗುತ್ತಿತ್ತೇ?" ಎಂದು ನನ್ನ ತಲೆ ನೇವರಿಸಿದರು. ಸಂತೋಷ ಬಂದದ್ದು ಆಗ.

2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ, 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ, ಅವರ ವೇಗ ತಪ್ಪದಂತೆ ಸರದಿಯ ಮೇಲೆ ಸುತ್ತ ಓಡಿದ ಜೊತೆ ಓಟಗಾರರು (ಪೇಸರ್‌ಗಳು) 41 ಮಂದಿ. ಅಧಿಕೃತ ದಾಖಲೆಯೆಂದು ಅದನ್ನು ಪರಿಗಣಿಸಲಿಲ್ಲ. ಆದರೆ ಕೊನೆಯಲ್ಲಿ ಆ ಓಟಗಾರರೆಲ್ಲ ಬದಿಗೆ ಸರಿದು ಅವರನ್ನು ಮುಂದಕ್ಕೆ ಬಿಟ್ಟ ಆ ವಿಡಿಯೊವನ್ನು ಹೈದರಾಬಾದ್‌ನಿಂದ ಬಂದ ಮೇಲೆ ಮತ್ತೆ ನೋಡಿದೆ.

ಓಟದಾಚೆಗೆ ಈ ಸ್ನೇಹ ಏನು ಕೊಟ್ಟಿತು ಎಂದರೆ ಒಂದೇ ರಾತ್ರಿಯ ಮಾತು ಹೇಳುತ್ತೇನೆ. ಹೋದ ವರ್ಷ ನಮ್ಮ ಅತ್ತೆಯವರಿಗೆ ತುರ್ತು ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾಯಿತು. ರಾತ್ರಿ ಎರಡು ಗಂಟೆ. ಯಾರಿಗೆ ಫೋನ್ ಮಾಡಲಿ ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಬರುತ್ತೇನೆ ಎಂದ ಹೊತ್ತಿಗೆ, ಕತ್ತಲಲ್ಲಿ, ಮಳೆಯಲ್ಲಿ, ನೂರಾರು ಸಲ ಬಂದು ನಿಂತವರು ಅವರು. ಅರ್ಧ ಗಂಟೆಯಲ್ಲಿ ಪಿ.ಟಿ. ಸರ್ ಮೂವರು ಹುಡುಗರೊಂದಿಗೆ ಆಸ್ಪತ್ರೆಯಲ್ಲಿದ್ದರು.

ಇನ್ನು ಯಾದಗಿರಿಯಲ್ಲಿ ಯಾರು ಸಿಗುತ್ತಾರೆ ಎಂಬ ಪ್ರಶ್ನೆ. ದೊಡ್ಡ ಊರುಗಳಂತೆ ಟಿ-ಶರ್ಟ್ ಹೊಲಿಸಿದ ಗುಂಪು ಹುಡುಕಬೇಡಿ. ಪೊಲೀಸ್ ಭರ್ತಿಗೆ, ಸೇನಾ ಭರ್ತಿಗೆ ತಯಾರಾಗುವ ಮಕ್ಕಳು ನಮ್ಮ ಕಡೆಯ ಜಿಲ್ಲೆಗಳ ಮೈದಾನಗಳಲ್ಲಿ ಐದು ಗಂಟೆಗೇ ಇರುತ್ತಾರೆ. ಹುಡುಗರಿಗೆ ಬೇಕಾದದ್ದು 1600 ಮೀಟರ್ ಓಟ, ನಿಮಗೆ ಬೇಕಾದದ್ದು 42 ಕಿಲೋಮೀಟರ್. ಅದರಿಂದೇನೂ ಅಡ್ಡಿಯಿಲ್ಲ. ಅವರ ಮೊದಲ ಎರಡು ಸುತ್ತಿನ ಜೊತೆ ಸೇರಿಕೊಳ್ಳಿ. ವೇಗ ನೋಡಿ ಜೊತೆ ಆರಿಸಬೇಡಿ. ಯಾರು ತಪ್ಪದೆ ಬರುತ್ತಾರೆ ಎಂದು ಮೂರು ವಾರ ಗಮನಿಸಿ. ಸಕ್ಕರೆ ಕಾಯಿಲೆಗೆಂದು ನಡೆಯಲು ಬರುವ ಹಿರಿಯರನ್ನೂ ಮಾತಾಡಿಸಿ, ಅವರಲ್ಲೊಬ್ಬರು ಉಸ್ತಾದ್ ಇದ್ದೇ ಇರುತ್ತಾರೆ. ಮತ್ತೆ, ನಾಳೆ ಬೆಳಿಗ್ಗೆ ಹೊರಡುವಾಗ ನೀರಿನ ಬಾಟಲಿ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ.