ನಾಲ್ಕನೆಯ ಪುಟದ ಮಾವಿನ ವ್ಯಾಪಾರಿ

ಮಾನ್ಯರೆ,

‘ವೀರ್ಯದಲ್ಲಿ ರಕ್ತ: ಕ್ಯಾನ್ಸರಿನ ಕರೆಗಂಟೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದ್ದೇನೆ. ಕೋಲಾರ ಜಿಲ್ಲೆಯ ಓದುಗರಿಗಾಗಿ ನಾವು ತರುವ ಆರೋಗ್ಯ ಪುರವಣಿಗೆ ಈ ವಿಷಯದ ಮೇಲೆ ಬರೆದು ಕಳುಹಿಸಿದವರು ನೀವೇ ಮೊದಲಿಗರು. ಅದಕ್ಕಾಗಿ ನಿಮಗೆ ಋಣಿಯಾಗಿದ್ದೇನೆ. ಆದರೆ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಕಾರಣಗಳನ್ನು ಮುಚ್ಚಿಡದೆ ಹೇಳುತ್ತೇನೆ, ಏಕೆಂದರೆ ನೀವು ಇದನ್ನು ತಿದ್ದಿ ಮತ್ತೆ ಕಳುಹಿಸಬೇಕೆಂಬುದು ನನ್ನ ಆಸೆ.

ಮೊದಲ ತೊಡಕು ಶೀರ್ಷಿಕೆಯಲ್ಲಿಯೇ ಇದೆ. ನರಸಾಪುರದ ಕಾರ್ಖಾನೆಯೊಂದರಲ್ಲಿ ದುಡಿದು, ಬಾಡಿಗೆ ಕೋಣೆಗೆ ಮರಳಿ, ರಾತ್ರಿ ಒಬ್ಬನೇ ಕುಳಿತು ನಿಮ್ಮ ಲೇಖನ ಓದುವ 26 ವರ್ಷದ ಹುಡುಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವನ ವಯಸ್ಸಿನಲ್ಲಿ ಒಂದೆರಡು ಸಲ ವೀರ್ಯದಲ್ಲಿ ರಕ್ತ ಕಂಡರೆ, ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಉರಿಯೂತವೋ ಸೋಂಕೋ ಕಾರಣವಾಗಿರುತ್ತದೆ. ಎಷ್ಟೋ ಸಲ ಹುಡುಕಿದರೂ ಕಾರಣ ಸಿಗುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ನಿಂತುಹೋಗುತ್ತದೆ. ಕ್ಯಾನ್ಸರ್ ಆ ವಯಸ್ಸಿನಲ್ಲಿ ತೀರ ಅಪರೂಪ. ಇದನ್ನು ನೀವು ಐದನೆಯ ಪುಟದ ಕೊನೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದೀರಿ. ಅಲ್ಲಿಯವರೆಗೆ ಓದುವ ಧೈರ್ಯ ಅವನಿಗೆ ಉಳಿದಿರುವುದಿಲ್ಲ. ಬೆದರಿದ ಹುಡುಗ ನೇರವಾಗಿ ವೈದ್ಯರ ಬಳಿಗೆ ಹೋಗುತ್ತಾನೆಂದು ನೀವು ನಂಬಿರಬಹುದು. ನಾನು ಕಂಡಂತೆ ಅವನು ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ’ ಭಿತ್ತಿಪತ್ರದ ಫೋನ್ ನಂಬರನ್ನು ಬರೆದುಕೊಳ್ಳುತ್ತಾನೆ.

ಇಷ್ಟು ಹೆದರಿಸಿದ ಮೇಲೂ, ನಿಜವಾಗಿ ತಡಮಾಡಬಾರದವರು ಯಾರು ಎಂಬುದನ್ನು ನೀವು ಎಲ್ಲಿಯೂ ಹೇಳಿಲ್ಲ. ವಯಸ್ಸು 40 ದಾಟಿದ್ದರೆ, ರಕ್ತ ಮತ್ತೆ ಮತ್ತೆ ಕಾಣುತ್ತಿದ್ದರೆ ಅಥವಾ ತಿಂಗಳಾದರೂ ನಿಲ್ಲದಿದ್ದರೆ, ಮೂತ್ರದಲ್ಲಿಯೂ ರಕ್ತ ಬರುತ್ತಿದ್ದರೆ, ತಂದೆಗೋ ಅಣ್ಣತಮ್ಮಂದಿರಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದರೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆ ಆಗಲೇಬೇಕು. ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈ ಮಾತುಗಳು ಮೊದಲ ಪುಟದಲ್ಲಿರಲಿ.

ಅಂಗರಚನೆಯ ಭಾಗ ಪಠ್ಯಪುಸ್ತಕದಿಂದ ಎತ್ತಿಟ್ಟಂತಿದೆ. ಪ್ರಾಸ್ಟೇಟನ್ನು ‘ನಾರುಸ್ನಾಯುಯುಕ್ತ ಗ್ರಂಥಿಲ ಅವಯವ’ ಎಂದರೆ ಯಾರಿಗೂ ಏನೂ ಕಾಣಿಸುವುದಿಲ್ಲ. ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಉಂಗುರದಂತೆ ಸುತ್ತಿಕೊಂಡಿರುವ, ಅಕ್ರೋಟು ಕಾಯಿಯಷ್ಟು ಗಾತ್ರದ, ಸುಮಾರು 20 ಗ್ರಾಂ ತೂಕದ ಗ್ರಂಥಿ ಎಂದು ಬರೆದರೆ, ಅದು ಊದಿಕೊಂಡಾಗ ಮೂತ್ರದ ಧಾರೆ ಸಣ್ಣದಾಗುವುದೇಕೆ ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ವೀರ್ಯದ ದ್ರವದಲ್ಲಿ ಹೆಚ್ಚಿನ ಪಾಲು ಪ್ರಾಸ್ಟೇಟಿನ ಹಿಂದಿರುವ ವೀರ್ಯಕೋಶಗಳೆಂಬ ಚೀಲಗಳಿಂದಲೂ ಉಳಿದುದರಲ್ಲಿ ಬಹುಭಾಗ ಪ್ರಾಸ್ಟೇಟಿನಿಂದಲೂ ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ಸಣ್ಣ ರಕ್ತನಾಳ ಒಡೆದರೂ ಬಣ್ಣ ಹೊರಗೆ ಕಾಣುತ್ತದೆ. ಹೊಸ ರಕ್ತ ಕೆಂಪಗಿರುತ್ತದೆ, ಒಳಗೆ ನಿಂತ ರಕ್ತ ಕಂದಾಗುತ್ತದೆ. ಆದ್ದರಿಂದ ಕಂದು ಬಣ್ಣ ಕೆಲವು ದಿನ ಮುಂದುವರಿದ ಮಾತ್ರಕ್ಕೆ ಒಳಗೆ ಇನ್ನೂ ರಕ್ತ ಸೋರುತ್ತಿದೆ ಎಂದಲ್ಲ. ಪ್ರಾಸ್ಟೇಟ್ ಬಯಾಪ್ಸಿಯಾದವರಲ್ಲಿ, ಅಂದರೆ ಪರೀಕ್ಷೆಗೆಂದು ಗ್ರಂಥಿಯ ಚೂರು ತೆಗೆಸಿಕೊಂಡವರಲ್ಲಿ, ಇದು ಹಲವು ವಾರ ಕಾಣಿಸಿಕೊಳ್ಳುವುದು ಸಹಜವೆಂದೂ ಸೇರಿಸಿ. ಬಸವನಹುಳುಗಳ ಮೂಲಕ ಹರಡುವ ಆಫ್ರಿಕಾದ ಪರಾವಲಂಬಿ ಹುಳುವಿಗೆ ಅರ್ಧ ಪುಟ ಕೊಟ್ಟಿದ್ದೀರಿ, ನಮ್ಮ ಮನೆಮನೆಗೂ ಪರಿಚಿತವಾದ ಕ್ಷಯರೋಗವನ್ನು ಮರೆತಿದ್ದೀರಿ. ಕ್ಷಯ ಪ್ರಾಸ್ಟೇಟಿಗೂ ವೀರ್ಯಕೋಶಕ್ಕೂ ತಗಲಬಲ್ಲದು.

ಪ್ರಾಸ್ಟೇಟಿನಿಂದ ಬರುವ ಒಂದು ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಪಿ.ಎಸ್.ಎ. ಪರೀಕ್ಷೆಯ ಬಗ್ಗೆ ನೀವು ಬರೆದಿರುವುದು ತಪ್ಪು, ಮತ್ತು ಅಪಾಯಕಾರಿ ತಪ್ಪು. ‘4 ದಾಟಿದರೆ ಕ್ಯಾನ್ಸರ್’ ಎಂಬುದಿಲ್ಲ. ಮಿಲಿಲೀಟರಿಗೆ 4 ನ್ಯಾನೊಗ್ರಾಂ ಎಂಬುದು ವೈದ್ಯರು ರೂಢಿಯಲ್ಲಿ ಬಳಸುತ್ತ ಬಂದ ಗೆರೆ ಮಾತ್ರ. ಸೋಂಕು ಇದ್ದರೂ, ವಯಸ್ಸಿನೊಂದಿಗೆ ಗ್ರಂಥಿ ದೊಡ್ಡದಾಗಿದ್ದರೂ, ಪರೀಕ್ಷೆಗೆ ಒಂದೆರಡು ದಿನ ಮುಂಚೆ ವೀರ್ಯಸ್ಖಲನವಾಗಿದ್ದರೂ ಆ ಅಂಕಿ ಏರಬಹುದು. ಕ್ಯಾನ್ಸರ್ ಇದ್ದೂ 4ಕ್ಕಿಂತ ಕಡಿಮೆ ಇರಬಹುದು. ಗ್ರಂಥಿ ಕುಗ್ಗಿಸಲು ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ಸೇವಿಸಿದವರಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ವಯಸ್ಸಾದಂತೆ ಗ್ರಂಥಿ ದೊಡ್ಡದಾಗುವುದು ಬೇರೆ, ಕ್ಯಾನ್ಸರ್ ಬೇರೆ. ಒಂದು ಇನ್ನೊಂದಾಗಿ ಮಾರ್ಪಡುವುದಿಲ್ಲ. ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುವ ಪರೀಕ್ಷೆಯನ್ನು ಸಂಕೋಚದಿಂದಲೋ ಏನೋ ‘ವಿಶೇಷ ತಪಾಸಣೆ’ ಎಂದು ಮರೆಮಾಚಿದ್ದೀರಿ. ನಮ್ಮ ಗಂಡಸರು ಅದಕ್ಕೆ ಹೆದರಿಯೇ ವರ್ಷಗಟ್ಟಲೆ ಆಸ್ಪತ್ರೆಯ ಕಡೆ ಸುಳಿಯುವುದಿಲ್ಲ. ನಿಮಿಷದೊಳಗೆ ಮುಗಿಯುತ್ತದೆ ಎಂದು ಬಿಡಿಸಿ ಬರೆಯಿರಿ.

ಹಸ್ತಮೈಥುನದಿಂದ ‘ಧಾತು ನಷ್ಟ’ವಾಗಿ ರಕ್ತ ಬರುತ್ತದೆ ಎಂಬ ಪ್ಯಾರಾವನ್ನು ಪೂರ್ತಿ ತೆಗೆದುಹಾಕಿ. ಅದರಲ್ಲಿ ಸತ್ಯವಿಲ್ಲ.

ನಾಲ್ಕನೆಯ ಪುಟದ ಮಾವಿನ ವ್ಯಾಪಾರಿಯ ಬಗ್ಗೆ ಹೇಳಲು ಕಾದಿದ್ದೆ. ನಿಮ್ಮ ಲೇಖನದ ಜೀವ ಅಲ್ಲಿದೆ. 52 ವರ್ಷದ ಆತ ಐದು ತಿಂಗಳು ಯಾರಿಗೂ ಹೇಳದೆ, ಮೈಗೆ ಉಷ್ಣವಾಗಿದೆ ಎಂದುಕೊಂಡು ಎಳನೀರು, ಕಾಮಕಸ್ತೂರಿ ಬೀಜದ ಪಾನಕ ಕುಡಿದದ್ದು. ರಕ್ತ ತನ್ನದೇ ಇರಬಹುದೆಂದು ಹೆಂಡತಿಯೇ ಮೊದಲು ವೈದ್ಯರ ಬಳಿ ಹೋದದ್ದು. ಕಾಂಡೋಮ್ ಬಳಸಿ ನೋಡಿ, ಯಾರ ರಕ್ತವೆಂಬುದು ಅದರಲ್ಲಿಯೇ ತಿಳಿಯುತ್ತದೆ ಎಂದು ಆ ವೈದ್ಯೆ ಹೇಳಿದ್ದು. ಕೊನೆಗೆ ಆತನಿಗೆ ಬಿ.ಪಿ. ವಿಪರೀತ ಏರಿದ್ದೂ ಪ್ರಾಸ್ಟೇಟಿನಲ್ಲಿ ಸೋಂಕಿದ್ದೂ ಗೊತ್ತಾದದ್ದು. ಲೇಖನ ಇಲ್ಲಿಂದಲೇ ಆರಂಭವಾಗಲಿ. ಬಿ.ಪಿ. ನೋಡುವುದು, ಮೂತ್ರ ಪರೀಕ್ಷೆ, ಅಗತ್ಯಬಿದ್ದರೆ ಸ್ಕ್ಯಾನ್ ಎಂಬ ಕ್ರಮವನ್ನು ಆತನ ಹಿಂದೆಯೇ ನಡೆಯುತ್ತ ಓದುಗ ತಿಳಿದುಕೊಳ್ಳುತ್ತಾನೆ. ಆದರೆ ಆತನ ಊರನ್ನೂ ಮಂಡಿ ಇರುವ ಬೀದಿಯನ್ನೂ ಬರೆದಿದ್ದೀರಿ. ಶ್ರೀನಿವಾಸಪುರದಲ್ಲಿ ಆತ ಯಾರೆಂದು ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಅವನ್ನು ಬದಲಿಸಿ, ದಂಪತಿಗಳಿಬ್ಬರ ಒಪ್ಪಿಗೆಯನ್ನೂ ಪಡೆಯಿರಿ.

ಎಲ್ಲಿಗೆ ಹೋಗಬೇಕೆಂಬುದನ್ನೂ ಸ್ಪಷ್ಟವಾಗಿ ಹೇಳಿ: ಮೊದಲು ತಾಲ್ಲೂಕು ಆಸ್ಪತ್ರೆ ಅಥವಾ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಕಳುಹಿಸಿದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೊ ಯುರಾಲಜಿ (ಮೂತ್ರಪಿಂಡ ಮತ್ತು ಮೂತ್ರರೋಗ) ಸಂಸ್ಥೆ. ತಿದ್ದಿದ ಪ್ರತಿ 900 ಪದಗಳನ್ನು ಮೀರದಿರಲಿ. ಮೂತ್ರರೋಗ ತಜ್ಞರೊಬ್ಬರಿಗೆ ಓದಿಸಿ, ಅವರು ಗುರುತು ಹಾಕಿದ ಹಾಳೆಗಳನ್ನೂ ಜೊತೆಗಿಟ್ಟು ಬರುವ ತಿಂಗಳ 10ರೊಳಗೆ ಕಳುಹಿಸಿಕೊಡಿ. ಪುರವಣಿಯಲ್ಲಿ ನಿಮಗಾಗಿ ಒಂದು ಪುಟ ಕಾದಿರಿಸಿದ್ದೇನೆ.

ವಿಶ್ವಾಸದಿಂದ,
ಸಂಪಾದಕ